ಅಗ್ಗದ ಕೇಬಲ್ಲಿನ ಅಪಾಯ

ಬಿಡದಿಯ ಕಾರ್ಖಾನೆಗಳಲ್ಲಿ ವಾಹನಗಳನ್ನೂ ಅವುಗಳ ಬಿಡಿಭಾಗಗಳನ್ನೂ ನಿರ್ಮಿಸುವ ಕಾರ್ಮಿಕನು, ತಂತಿಯ ದಪ್ಪವು ಅದರಲ್ಲಿ ಹರಿಯುವ ವಿದ್ಯುತ್ಪ್ರವಾಹಕ್ಕೆ ತಕ್ಕಂತಿರಬೇಕೆಂಬುದನ್ನು ಚೆನ್ನಾಗಿ ಬಲ್ಲನು. ಆದರೆ ಪಾಳಿ ಮುಗಿಸಿ ಬಾಡಿಗೆಯ ಕೋಣೆಗೆ ಮರಳಿದ ಮೇಲೆ, ಅದೇ ಎಚ್ಚರವನ್ನು ತಲೆದಿಂಬಿನ ಪಕ್ಕದ ಚಾರ್ಜರ್ ಕೇಬಲ್ಲಿಗೂ ಅನ್ವಯಿಸುವವರು ವಿರಳ.

ಟೈಪ್-ಸಿ ಕೇಬಲ್ಲು ಬರಿಯ ತಂತಿಯಲ್ಲ. 2021ರ ಪರಿಷ್ಕೃತ ಯು.ಎಸ್.ಬಿ. ನಿಯಮದಂತೆ ಅದು 48 ವೋಲ್ಟಿನವರೆಗೆ, 240 ವ್ಯಾಟ್ ಪರ್ಯಂತ ಶಕ್ತಿಯನ್ನು ವಹಿಸಬಲ್ಲದು. ಎಷ್ಟು ಬೇಕೆಂಬುದನ್ನು ಚಾರ್ಜರೂ ಉಪಕರಣವೂ ಪ್ರತ್ಯೇಕವಾದೊಂದು ಎಳೆಯ ಮೂಲಕ ಪರಸ್ಪರ ನಿಶ್ಚಯಿಸಿಕೊಳ್ಳುತ್ತವೆ. 3 ಆಂಪಿಯರನ್ನು ಮೀರಿದ ಪ್ರವಾಹಕ್ಕೆ ಕೇಬಲ್ಲಿನೊಳಗೇ ಗುರುತಿನ ಚಿಪ್ ಇರತಕ್ಕದ್ದು. ತಾಮ್ರವನ್ನು ಕಡಿಮೆ ಮಾಡಿ ತಯಾರಿಸಿದ ಸರಕು ಕಾಯುವುದು, ಕರಗುವುದು ಸಹಜವೇ. ಒಂದೇ ಚಾರ್ಜರಿಗೆ ಎರಡು ಉಪಕರಣಗಳನ್ನು ಜೋಡಿಸುವ ಸ್ಪ್ಲಿಟರಿನ ಅಪಾಯವಂತೂ ಇನ್ನೂ ಘೋರ: ಮೇಲಿನ ಒಪ್ಪಂದವು ಕೇವಲ ಇಬ್ಬರ ನಡುವಿನದಾದುದರಿಂದ, ನಿಯಂತ್ರಕವಿಲ್ಲದೆ ಕವಲೊಡೆದ ತಂತಿಯಲ್ಲಿ ಲ್ಯಾಪ್‌ಟಾಪು 20 ವೋಲ್ಟನ್ನು ಕೇಳಿ ಪಡೆದಾಗ, 5 ವೋಲ್ಟನ್ನಷ್ಟೇ ತಾಳಬಲ್ಲ ಇಯರ್‌ಫೋನ್ ಪೆಟ್ಟಿಗೆಗೂ ಅದೇ 20 ವೋಲ್ಟು ನುಗ್ಗುವುದು. ಕವಲಿಲ್ಲದ ಕೇಬಲ್ಲೂ ದೋಷಯುಕ್ತವಾದರೆ ಹಾನಿ ತಪ್ಪದು: 2016ರಲ್ಲಿ ಗೂಗಲ್ಲಿನ ಎಂಜಿನಿಯರ್ ಬೆನ್ಸನ್ ಲ್ಯೂಂಗ್ ಪರೀಕ್ಷಿಸಿದ ಕೇಬಲ್ಲೊಂದು, ಒಳಗಿನ ಎಳೆಗಳು ಅದಲುಬದಲಾಗಿದ್ದ ಕಾರಣ, ಅವರ ಲ್ಯಾಪ್‌ಟಾಪನ್ನೇ ಕೆಡಿಸಿತು.

ಆದುದರಿಂದ, ಓದುಗರೇ, ವ್ಯಾಟ್ ಸಂಖ್ಯೆಯನ್ನು ಸ್ಪಷ್ಟವಾಗಿ ನಮೂದಿಸಿದ ಕೇಬಲ್ಲನ್ನೇ ಕೊಳ್ಳಿರಿ. ಎರಡು ಉಪಕರಣಗಳಿದ್ದರೆ ಸ್ಪ್ಲಿಟರಿನ ಬದಲು ಭಾರತೀಯ ಮಾನಕ ಬ್ಯೂರೋದ (ಬಿ.ಐ.ಎಸ್.) ನೋಂದಣಿಯುಳ್ಳ ಎರಡು ಕಿಂಡಿಯ ಚಾರ್ಜರನ್ನು ಬಳಸಿರಿ. ಮೂತಿ ಕಂದಿದ ಕೇಬಲ್ಲನ್ನು ಇಂದೇ ತ್ಯಜಿಸಿರಿ.