ಇಂಟರ್‌ಸೆಪ್ಟರ್ ಇದ್ರೂ ಹಿಂಬಾಗಿಲು ತೆರೆದೇ ಇರುತ್ತಾ?

ಪುಣೆ ಹತ್ತಿರದ ಸಾಸವಡ ಪುರಂದರ ತಾಲ್ಲೂಕಿನ ಕೇಂದ್ರ. ಇಲ್ಲಿನ ಸಾತ್‌ಬಾರಾ ಅಂದ್ರೆ ನಮ್ಮ ಪಹಣಿ. ತಲಾಠಿ ಅಂದ್ರೆ ನಮ್ಮಲ್ಲಿ ಹಿಂದೆ ಗ್ರಾಮ ಲೆಕ್ಕಿಗ ಅಂತ ಕರೀತಿದ್ದ ಹುದ್ದೆ. ಇಂಥ ದಾಖಲೆ ತಿದ್ದುವ ಆ್ಯಪ್ ನಾವೇ ಬರೀತಿದ್ದೀವಿ ಅಂದುಕೊಳ್ಳಿ. ಅನುಮತಿ ಪರೀಕ್ಷೆ ಒಂದು ಕಡೆ ತಪ್ಪಿದ್ರೂ ಯಾರದೋ ಹೊಲ ಇನ್ಯಾರದೋ ಹೆಸರಿಗೆ ಬೀಳಬಹುದು.

ಕರ್ನಾಟಕದ ಭೂಮಿ ಯೋಜನೆಯಲ್ಲಿ ಸಿಬ್ಬಂದಿ ಬೆರಳಚ್ಚು ಕೊಟ್ಟು ಲಾಗಿನ್ ಆಗ್ತಿದ್ರು. ಅದು ‘ನೀನು ಯಾರು?’ ಅನ್ನೋದಕ್ಕೆ ಉತ್ತರ. ‘ನೀನು ಇದನ್ನ ತಿದ್ದಬಹುದಾ?’ ಅನ್ನೋದು ಬೇರೆಯೇ ಪ್ರಶ್ನೆ. ಇಂಟರ್‌ಸೆಪ್ಟರ್ ಕೇಳೋದು ಈ ಎರಡನೆಯದನ್ನ.

ಪ್ರತಿ ಮೆಥಡ್ ಒಳಗೂ ಇಫ್ ಬರೀತಾ ಹೋದ್ರೆ ಎಲ್ಲೋ ಒಂದು ಕಡೆ ಮರೆತೇ ಮರೀತೀವಿ. ಸ್ಪ್ರಿಂಗ್ ಸೆಕ್ಯುರಿಟಿಯಲ್ಲಿ ಮೆಥಡ್ ಸೆಕ್ಯುರಿಟಿ ಆನ್ ಮಾಡಿ, ಮೆಥಡ್ ಮೇಲೆ ಪ್ರಿಆಥರೈಸ್ ಅಂತ ನಿಯಮ ಬರೆದರೆ ಸಾಕು. ಸ್ಪ್ರಿಂಗ್ ಆ ಆಬ್ಜೆಕ್ಟ್ ಮುಂದೆ ಒಂದು ಪ್ರಾಕ್ಸಿ ನಿಲ್ಲಿಸುತ್ತೆ. ಕರೆ ಬಂದಾಗ ಇಂಟರ್‌ಸೆಪ್ಟರ್ ತಡೆದು, ಸೆಕ್ಯುರಿಟಿ ಕಾಂಟೆಕ್ಸ್ಟ್‌ನಿಂದ ಬಳಕೆದಾರನ ವಿವರ ತೆಗೆದು, ನಿಯಮಕ್ಕೆ ಹೋಲಿಸುತ್ತೆ. ಸರಿ ಇದ್ರೆ ಒಳಗೆ, ಇಲ್ಲಾಂದ್ರೆ 403.

ಆದ್ರೂ ಎರಡು ಕಡೆ ಇದು ಕೈಕೊಡುತ್ತೆ.

ಮೊದಲನೆಯದು, ಒಳಗಿನ ಕರೆ. ಒಂದೇ ಕ್ಲಾಸಿನ ಒಂದು ಮೆಥಡ್ ಇನ್ನೊಂದನ್ನ ನೇರ ಕರೆದರೆ ಆ ಕರೆ ಪ್ರಾಕ್ಸಿ ದಾಟಿ ಬರೋದೇ ಇಲ್ಲ. ಮನೆ ಒಳಗೇ ಇರೋರನ್ನ ಗೇಟಿನ ವಾಚ್‌ಮನ್ ಹೇಗೆ ತಡೀತಾನೆ? ನಿಯಮ ಬರೆದಿದ್ರೂ ಅದು ಓಡಲ್ಲ, ಎರರ್ ಕೂಡ ಬರಲ್ಲ. ಕಾಯಬೇಕಾದ ಮೆಥಡ್‌ನ ಬೇರೆ ಬೀನ್‌ಗೆ ಸರಿಸಿ.

ಎರಡನೆಯದು, ಬರೀ ರೋಲ್ ನೋಡೋದು. ‘ತಲಾಠಿ’ ಅನ್ನೋ ರೋಲ್ ಇದೆ, ಸರಿ. ಆದ್ರೆ ಈ ಸರ್ವೆ ನಂಬರ್ ಅವರ ಹಳ್ಳಿಯದ್ದಾ? ಐಡಿ ಬದಲಿಸಿ ಪಕ್ಕದ ಹಳ್ಳಿಯ ದಾಖಲೆ ಕೇಳಿದ್ರೂ ರೋಲ್ ಪರೀಕ್ಷೆ ಪಾಸಾಗುತ್ತೆ! ನಿಯಮದಲ್ಲಿ ಹಳ್ಳಿಯನ್ನೂ ಸೇರಿಸಿ. ಆ ಹಳ್ಳಿ ಯಾವುದು ಅನ್ನೋದನ್ನ ಡೇಟಾಬೇಸ್‌ನಿಂದ ತೆಗೀರಿ. ಬ್ರೌಸರ್ ಕಳಿಸಿದ್ದನ್ನ ನಂಬಬೇಡಿ.

ಇದು ಅಪರೂಪದ ದೋಷ ಅಲ್ಲ. ಓವಾಸ್ಪ್ ಟಾಪ್ 10 ಪಟ್ಟಿಯಲ್ಲಿ 2017ರಲ್ಲಿ 5ನೇ ಸ್ಥಾನದಲ್ಲಿದ್ದ ಮುರಿದ ಆ್ಯಕ್ಸೆಸ್ ಕಂಟ್ರೋಲ್, 2021ರಲ್ಲಿ 1ನೇ ಸ್ಥಾನಕ್ಕೆ ಬಂತು.

ಕೊನೇದಾಗಿ, ನಿಯಮ ಬರೆಯದ ಯುಆರ್‌ಎಲ್‌ಗಳೆಲ್ಲ ಡಿನೈ ಆಲ್ ಇರಲಿ. ಜೊತೆಗೆ ಒಂದು ಟೆಸ್ಟ್ ಬರೀರಿ: ಒಂದು ಹಳ್ಳಿಯ ತಲಾಠಿಯಾಗಿ ಲಾಗಿನ್ ಆಗಿ, ಇನ್ನೊಂದು ಹಳ್ಳಿಯ ದಾಖಲೆ ತಿದ್ದೋಕೆ ಹೋಗಿ. 403 ಬಂದ್ರೆ ಮಾತ್ರ ರಿಲೀಸ್ ಮಾಡಿ.