‘ನಾಳೆ ಬಾ’ ಅಂದ್ರೆ ಯಾವ ನಾಳೆ? ಕಚೇರಿ ಕಾಯುವಿಕೆಗೆ ಒಂದು ಚೀಟಿಯ ಮದ್ದು

(ಇದು ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಪಸ್ವಲ್ಪ ತಿದ್ದಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿರೋರಿಗೂ, ಯಾವುದೋ ಕಚೇರಿ ಮುಂದೆ ಕ್ಯೂನಲ್ಲಿ ನಿಂತ್ಕೊಂಡೇ ಕೇಳ್ತಿರೋರಿಗೂ ಸ್ವಾಗತ. ಇವತ್ತಿನ ಮಾತು ಆ ಕ್ಯೂನಲ್ಲಿರೋರಿಗೇ ಹೆಚ್ಚು.

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿರ್ತಿತ್ತು. ರಾತ್ರಿ ದೆವ್ವ ಬಂದು, ಅದನ್ನ ಓದಿ ವಾಪಸ್ ಹೋಗುತ್ತೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತೆ ಅನ್ನೋ ನಂಬಿಕೆ. ಸರ್ಕಾರಿ ಕಚೇರಿ ಮುಂದೆ ನಮ್ಮ ಪಾಡೂ ಹೆಚ್ಚುಕಡಿಮೆ ಆ ದೆವ್ವದ್ದೇ!

ನಾನು ಪಿಯುಸಿಯಲ್ಲಿದ್ದಾಗ ಆದಾಯ ಪ್ರಮಾಣಪತ್ರಕ್ಕೆ ಅಪ್ಪ ಮೂರು ಸಲ ಓಡಾಡಿದ್ರು. ಒಂದು ದಿನ ‘ಸರ್ವರ್ ಡೌನ್’, ಇನ್ನೊಂದು ದಿನ ‘ಸಾಹೇಬ್ರು ಮೀಟಿಂಗಲ್ಲಿದ್ದಾರೆ’, ಮತ್ತೊಂದು ದಿನ ‘ಸೋಮವಾರ ಬನ್ನಿ’. ಮೂರು ದಿನದ ಕೂಲಿ ಹೋಯ್ತು. ಪ್ರಮಾಣಪತ್ರ ಕೈಗೆ ಬರೋ ಹೊತ್ತಿಗೆ ಸ್ಕಾಲರ್‌ಶಿಪ್‌ನ ಕೊನೇ ದಿನ ದಾಟಿತ್ತು. ದೂರು ಕೊಡೋಣ ಅಂದ್ರೆ, ಅರ್ಜಿ ಕೊಟ್ಟಿದ್ದಕ್ಕೆ ನಮ್ಮ ಹತ್ರ ಒಂದು ಚೀಟಿನೂ ಇರಲಿಲ್ಲ.

ಆ ಚೀಟಿ ವಿಷಯಾನೇ ಇವತ್ತು ಮಾತಾಡೋಣ.

ಕರ್ನಾಟಕದಲ್ಲಿ ‘ಸಕಾಲ’ ಅನ್ನೋ ಕಾನೂನಿದೆ. 2011ರಲ್ಲಿ ಬಂತು, 2012ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಪಟ್ಟಿಯಲ್ಲಿರೋ ಪ್ರತಿ ಸೇವೆಗೂ ಇಷ್ಟೇ ದಿನ ಅಂತ ಗಡುವು ಇದೆ. ಜಾತಿ, ಆದಾಯ ಪ್ರಮಾಣಪತ್ರ ಎರಡೂ ಆ ಪಟ್ಟಿಯಲ್ಲಿವೆ. ಅರ್ಜಿ ಕೊಟ್ಟಾಗ ಸಿಗೋ ಸ್ವೀಕೃತಿ ಚೀಟಿಯಲ್ಲಿ 15 ಅಂಕಿಯ ಸಕಾಲ ಸಂಖ್ಯೆ ಇರುತ್ತೆ, ಕೆಲಸ ಮುಗೀಬೇಕಾದ ದಿನಾಂಕಾನೂ ಇರುತ್ತೆ. ಅಂದ್ರೆ ‘ನಾಳೆ’ ಅನ್ನೋದಕ್ಕೆ ತಾರೀಖು ಸಿಕ್ತು!

ಆದ್ರೆ ನೆನಪಿರಲಿ, ಗಡಿಯಾರ ಓಡೋಕೆ ಶುರುವಾಗೋದು ಅರ್ಜಿ ಕಂಪ್ಯೂಟರಿಗೆ ಏರಿ, ಆ ಸಂಖ್ಯೆ ಬಂದ ಮೇಲೇ. ‘ಪೇಪರ್ ಇಲ್ಲಿಟ್ಟು ಹೋಗಿ, ನೋಡ್ತೀವಿ’ ಅಂದ್ರೆ ಗಡಿಯಾರ ನಿಂತೇ ಇದೆ ಅಂತ ಅರ್ಥ. ಜಗಳ ಬೇಡ. ‘ಸರ್, ಸ್ವೀಕೃತಿ ಕೊಡಿ, ಹೋಗ್ತೀನಿ’ ಅಂತ ಕೇಳಿ. ಚೀಟಿ ಸಿಕ್ಕ ಕೂಡ್ಲೇ ಫೋನಲ್ಲಿ ಒಂದು ಫೋಟೋ ತೆಗೆದಿಟ್ಕೊಳ್ಳಿ.

ಹೋಗೋಕೆ ಮುಂಚೆ ಮನೇಲೇ ಮೂರು ಕೆಲಸ ಮಾಡಿ. ಒಂದು, ಹಳೇ ಪ್ರಮಾಣಪತ್ರ ಹುಡುಕಿ. ಆದಾಯ ಪ್ರಮಾಣಪತ್ರಕ್ಕೆ 5 ವರ್ಷ ಅವಧಿ ಇರುತ್ತೆ, ನಿಮ್ಮದು ಇನ್ನೂ ಚಾಲ್ತಿಯಲ್ಲೇ ಇರಬಹುದು. ಸ್ಕಾಲರ್‌ಶಿಪ್ ಅರ್ಜಿಗೆ, ಸಿಇಟಿಗೆ ಕೇಳೋ ಆರ್‌ಡಿ ಸಂಖ್ಯೆ ಅದರ ಮೇಲೇ ಇರುತ್ತೆ. ಎರಡು, ಆಧಾರ್‌ನಲ್ಲಿ, ಮಾರ್ಕ್ಸ್ ಕಾರ್ಡ್‌ನಲ್ಲಿ, ರೇಷನ್ ಕಾರ್ಡ್‌ನಲ್ಲಿ ಹೆಸರು ಒಂದೇ ಥರ ಇದೆಯಾ ನೋಡಿ. ಒಂದು ಇನಿಷಿಯಲ್ ಆಚೀಚೆ ಆದ್ರೂ ಅರ್ಜಿ ವಾಪಸ್ ಬರಬಹುದು. ಮೂರು, ನಾಡಕಚೇರಿಯಲ್ಲಿ ‘ಒಟಿಸಿಯಲ್ಲಿ ನಮ್ಮ ಹೆಸರಿದೆಯಾ?’ ಅಂತ ಕೇಳಬೇಕು ಅಂತ ನೆನಪಿಟ್ಕೊಳ್ಳಿ. ಮೊದಲೇ ಪರಿಶೀಲನೆ ಆಗಿರೋ ಕುಟುಂಬಗಳ ಮಾಹಿತಿ ಅದರಲ್ಲಿರುತ್ತೆ. ಇದ್ರೆ ಕೌಂಟರಲ್ಲೇ ಸಿಗುತ್ತೆ, ಕಾಯೋದೇ ಬೇಕಾಗಲ್ಲ.

ಇಲ್ಲದಿದ್ರೆ ಅರ್ಜಿ ಎಲ್ಲೆಲ್ಲಿಗೆ ಹೋಗುತ್ತೆ? ಮೊದಲು ಗ್ರಾಮ ಆಡಳಿತ ಅಧಿಕಾರಿ ಹತ್ರ, ಅಂದ್ರೆ ನಮ್ಮ ಅಪ್ಪ-ಅಮ್ಮ ಈಗಲೂ ‘ವಿಲೇಜ್ ಅಕೌಂಟೆಂಟ್’ ಅನ್ನೋರ ಹತ್ರ. ಅವರು ವರದಿ ಕೊಟ್ಟ ಮೇಲೆ ಕಂದಾಯ ನಿರೀಕ್ಷಕರು. ಕೊನೆಗೆ ಉಪ ತಹಶೀಲ್ದಾರ್ ಅಥವಾ ತಹಶೀಲ್ದಾರ್ ಡಿಜಿಟಲ್ ಸಹಿ. ಇದು ಗೊತ್ತಿದ್ರೆ ‘ಯಾವಾಗ ಆಗುತ್ತೆ?’ ಅಂತ ಕೇಳಲ್ಲ, ‘ಈಗ ಯಾರ ಹತ್ರ ಇದೆ?’ ಅಂತ ಕೇಳ್ತೀರಿ. ಮೊದಲನೇ ಪ್ರಶ್ನೆಗೆ ‘ಆಗುತ್ತೆ ಬಿಡಿ’ ಅಂದ್ರೆ ಮುಗೀತು. ಎರಡನೇದಕ್ಕೆ ಒಂದು ಹೆಸರನ್ನೋ ಹುದ್ದೆನೋ ಹೇಳಲೇಬೇಕು. ಅರ್ಜಿ ಎಲ್ಲಿದೆ ಅಂತ ಚೀಟಿಯ ಸಂಖ್ಯೆ ಹಾಕಿ ಆನ್‌ಲೈನ್‌ನಲ್ಲೂ ನೋಡಬಹುದು. ಅಷ್ಟಕ್ಕೇ ಒಂದು ದಿನದ ಕೂಲಿ, ಬಸ್ ಚಾರ್ಜು ಎರಡೂ ಉಳೀತು.

ಸರಿ, ದಿನಾಂಕ ದಾಟಿತು, ಪ್ರಮಾಣಪತ್ರ ಬರಲಿಲ್ಲ. ಆಗ ಏನು? 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬಹುದು. ಅದು ಹೋಗೋದು ತಡ ಮಾಡಿದ ಅಧಿಕಾರಿಗಿಂತ ಮೇಲಿನ ‘ಸಕ್ಷಮ ಅಧಿಕಾರಿ’ಗೆ. ಅರ್ಜಿ ತಿರಸ್ಕಾರ ಆದ್ರೂ ಇದೇ ದಾರಿ. ಅಲ್ಲೂ ಆಗದಿದ್ರೆ ಎರಡನೇ ಮೇಲ್ಮನವಿ ಇದೆ. ತಡವಾದ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳೋ ಹಕ್ಕೂ ಇದೆ. ಲೆಕ್ಕ ಹಾಕಿದ್ರೆ 25 ದಿನಕ್ಕೆ ಅದು ಮುಗಿದುಹೋಗುತ್ತೆ. ನಮ್ಮಪ್ಪನ ಮೂರು ದಿನದ ಕೂಲಿಗೆ, ಕೈತಪ್ಪಿದ ಸ್ಕಾಲರ್‌ಶಿಪ್‌ಗೆ ಇದು ಏನೂ ಅಲ್ಲ, ಒಪ್ತೀನಿ. ಆದ್ರೆ ತಪ್ಪು ಯಾರದು ಅಂತ ಸಾಬೀತಾದ್ರೆ ಆ ದುಡ್ಡು ಹೋಗೋದು ಆ ಅಧಿಕಾರಿಯ ಜೇಬಿನಿಂದ. ಕಡತ ಅಲ್ಲಾಡೋದು ಅದಕ್ಕೇ.

ಸಕಾಲದ ಪಟ್ಟಿಯಲ್ಲಿ ಇಲ್ಲದ ಕೆಲಸವಾದ್ರೆ? ಮಾಹಿತಿ ಹಕ್ಕು ಇದೆ. 2005ರ ಕಾನೂನು. 10 ರೂಪಾಯಿ ಶುಲ್ಕ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಉತ್ತರಕ್ಕೆ 30 ದಿನ. ‘ನನಗೆ ಯಾಕೆ ಅನ್ಯಾಯ ಮಾಡಿದ್ರಿ’ ಅಂತ ಪುಟಗಟ್ಟಲೆ ಬರೀಬೇಡಿ. ‘ನನ್ನ ಅರ್ಜಿ ಯಾವ ದಿನ ಯಾರ ಬಳಿ ಬಂತು, ಯಾವ ದಿನ ಮುಂದೆ ಹೋಯಿತು, ಪ್ರತಿ ಕೊಡಿ’ ಅಂತ ನಾಲ್ಕು ಸಾಲು ಬರೆದ್ರೆ ಸಾಕು.

ಕೊನೇದಾಗಿ ಒಂದು ಮಾತು. ಕೌಂಟರಿನ ಆಚೆ ಕೂತಿರೋ ಹುಡುಗನೋ ಹುಡುಗಿಯೋ ಬಹುಶಃ ನಿಮ್ಮ ವಯಸ್ಸಿನವರೇ. ಸರ್ವರ್ ಅವರ ಕೈಲಿಲ್ಲ. ಮಾತು ಮೆತ್ತಗಿರಲಿ, ಚೀಟಿ ಮಾತ್ರ ಬಿಡಬೇಡಿ. ಕಾಲೇಜು ಶುರುವಾದ ಮೇಲೆ ಓಡೋ ಬದಲು ರಜೆಯಲ್ಲೇ ಅರ್ಜಿ ಹಾಕಿ. ಮನೇಲಿ ಅಪ್ಪ-ಅಮ್ಮ ಇನ್ನೊಂದು ಸಲ ಹೋಬಳಿಗೆ ಹೊರಟ್ರೆ, ಒಂದು ನಿಮಿಷ ತಡೆದು ಕೇಳಿ: ‘ಚೀಟಿ ಎಲ್ಲಿದೆ? ನಂಬರ್ ಹೇಳಿ, ನಾನು ಫೋನಲ್ಲೇ ನೋಡ್ತೀನಿ.’

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅದಕ್ಕೆ ‘ನಾಳೆ ಬಾ’ ಅನ್ನಲ್ಲ, ಮುಂದಿನ ವಾರ ಖಂಡಿತ ಬರ್ತೀವಿ!