ಗಟ್ಟಿ ರೂಫ್ ರ‍್ಯಾಕ್ ಅಂದ್ರೆ ಭಾರದ ರ‍್ಯಾಕ್ ಅಲ್ಲ

ಥಾರ್, ಜಿಮ್ನಿ ತಗೊಂಡವರಿಗೆ ಕೆಜಿಎಫ್ ಸುತ್ತಲಿನ ಮಣ್ಣುದಾರಿ ಒಳ್ಳೆ ವೀಕೆಂಡ್ ರೈಡ್. (2001ರಲ್ಲಿ ಗಣಿ ಮುಚ್ಚಿದರೂ ಸೈನೈಡ್ ದಿಬ್ಬಗಳು ಹಾಗೇ ಇವೆ. ಆ ಧೂಳಿನಲ್ಲಿ ಮಾತ್ರ ಗಾಡಿ ಆಡಿಸಬೇಡಿ.) ಲಗೇಜಿಗೆ ರೂಫ್ ರ‍್ಯಾಕ್ ಬೇಕು ಅನ್ಸುತ್ತೆ. ಬಂಗಾರಪೇಟೆಯ ವೆಲ್ಡಿಂಗ್ ಶಾಪಿನಲ್ಲಿ ಕಬ್ಬಿಣದ ಪೈಪಿಂದ ಮಾಡಿಸಿದರೆ ದುಡ್ಡು ಉಳಿಯುತ್ತಲ್ವಾ?

ಮೊದಲು ಗಾಡಿಯ ಮ್ಯಾನುಯಲ್ ತೆಗೆದು ರೂಫ್ ಲೋಡ್ ನೋಡಿ. ಅದು 50 ಕೆಜಿ ಅಂತಿಟ್ಕೊಳ್ಳಿ. ರ‍್ಯಾಕೇ 35 ಕೆಜಿ ತೂಗಿದರೆ ಸಾಮಾನಿಗೆ ಉಳಿಯೋದು 15. ಒಂದು ಸ್ಟೆಪ್ನಿಗೂ ಸಾಲಲ್ಲ! ಮಾರೋರು ಹೇಳುವ 150, 200 ಕೆಜಿ ರ‍್ಯಾಕಿನ ತಾಕತ್ತು, ಚಾವಣಿಯದ್ದಲ್ಲ. ಅದೇ ಅಳತೆಯ ಅಲ್ಯುಮಿನಿಯಂ ಕಬ್ಬಿಣದ ಸುಮಾರು ಮೂರನೇ ಒಂದು ಪಾಲು ತೂಗುತ್ತೆ. ದುಬಾರಿ ನಿಜ, ಆದರೆ ನನ್ನ ಓಟು ಅದಕ್ಕೇ.

ರ‍್ಯಾಕಿನ ಕಾಲು ಎಲ್ಲಿ ಕೂರುತ್ತೆ ಅನ್ನೋದೂ ಮುಖ್ಯ. ಜಿಮ್ನಿ ಚಾವಣಿಯ ಅಂಚಿನಲ್ಲಿ ಮಳೆನೀರಿನ ಗಟರ್ ಇದೆ, ಅದಕ್ಕೆ ಕ್ಲ್ಯಾಂಪ್ ಹಾಕಿದರೆ ತೂತು ಕೊರೆಯೋ ತಾಪತ್ರಯ ಇಲ್ಲ. ಸಾಫ್ಟ್ ಟಾಪ್ ಥಾರ್‌ನ ಬಟ್ಟೆ ಚಾವಣಿ ಮೇಲೆ ನೇರವಾಗಿ ಕೂರಿಸೋಕೆ ಆಗಲ್ಲ.

ನೀರಿನ ಕ್ಯಾನು, ಟೂಲ್ಸ್ ಒಳಗೇ ಇರಲಿ. ಮೇಲೆ ಟೆಂಟು, ಹಾಸಿಗೆ ಸಾಕು. ಭಾರ ಮೇಲೇರಿದಷ್ಟೂ ಓರೆ ದಾರಿಯಲ್ಲಿ ಗಾಡಿ ಪಲ್ಟಿ ಹೊಡೆಯೋ ಅಪಾಯ ಹೆಚ್ಚು. ಮಣ್ಣುದಾರಿ ಮುಗಿದ ಮೇಲೆ ಬೋಲ್ಟ್‌ಗಳನ್ನ ಇನ್ನೊಮ್ಮೆ ಬಿಗಿ ಮಾಡಿ. ಹಾಂ, ಆರ್ಡರ್ ಕೊಡೋ ಮುಂಚೆ ನಿಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಎತ್ತರ ಅಳೆದುಬಿಡಿ.